ಚಂದ್ರಿ ಪಾತ್ರಕ್ಕೆ ಪುಸ್ತಕ ಹಿಡಿಯಲೋ, ಸಿನಿಮಾ ಹಿಡಿಯಲೋ?

ಕೇಳಿದ್ದು: ಮುಂದಿನ ತಿಂಗಳು ಕಾಲೇಜಿನಲ್ಲಿ ಏಕಪಾತ್ರಾಭಿನಯ ಸ್ಪರ್ಧೆ ಇದೆ. ಏಳು ನಿಮಿಷ. ನಾನು ‘ಸಂಸ್ಕಾರ’ದ ಚಂದ್ರಿಯನ್ನು ಆರಿಸಿಕೊಂಡಿದ್ದೇನೆ. ಅನಂತಮೂರ್ತಿಯವರ 1965ರ ಕಾದಂಬರಿಯಲ್ಲಿ ಅವಳ ಮನಸ್ಸಿನ ಮಾತು ಸಿಗುತ್ತದೆ. 1970ರ ಸಿನಿಮಾದಲ್ಲಿ ಸ್ನೇಹಲತಾ ರೆಡ್ಡಿ ಮಾತಿಗಿಂತ ಜಾಸ್ತಿ ಮುಖದಲ್ಲೇ ಹೇಳಿಬಿಡುತ್ತಾರೆ. ನನಗೆ ಇಬ್ಬರು ಬೇರೆ ಬೇರೆ ಹೆಂಗಸರ ಹಾಗೆ ಕಾಣುತ್ತಾರೆ. ಮಾಡಿ ಅನುಭವ ಇದ್ದವರು ಹೇಳ್ತೀರಾ?

ಮೈಸೂರಿನಿಂದ: ತಂಗಿ, ನಾನು ಇದೇ ಪಾತ್ರ ಮಾಡಿದ್ದೆ. ಮೊದಲ ಸಲ ಎಡವಿದೆ. ಪುಸ್ತಕದಲ್ಲಿ ಚಂದ್ರಿಯ ವರ್ಣನೆ ಬಂದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಅದನ್ನೇ ನಡಿಗೆಗೆ, ಸೆರಗಿಗೆ ತಂದೆ. ತಾಲೀಮು ನೋಡಿದ ಮೇಷ್ಟ್ರು ಕೇಳಿದ್ದು ಒಂದೇ ಮಾತು: “ಹೀಗೆ ನೋಡ್ತಿರೋರು ಯಾರಮ್ಮ?” ಮನೆಗೆ ಬಂದು ಮತ್ತೆ ಓದಿದೆ. ರವಿವರ್ಮನ ಚಿತ್ರದ ಮತ್ಸ್ಯಗಂಧಿಯ ಹೋಲಿಕೆ ಬರುವುದು ಅಗ್ರಹಾರದ ಬ್ರಾಹ್ಮಣ ದುರ್ಗಾಭಟ್ಟನ ಕಣ್ಣಿನಿಂದ. ಅಷ್ಟು ದಿನ ನಾನು ಅಭಿನಯಿಸಿದ್ದು ಅವನ ಆಸೆಯನ್ನು!

ಆಮೇಲೆ ಎರಡು ಬಣ್ಣ ತಗೊಂಡೆ. ಬೇರೆಯವರು ಅವಳನ್ನು ನೋಡುವ ಸಾಲಿಗೆ ಕೆಂಪು, ಅವಳೇ ನೋಡುವ, ಯೋಚಿಸುವ ಸಾಲಿಗೆ ನೀಲಿ. ನೀಲಿ ಕಡಿಮೆ, ಆದರೆ ಪಾತ್ರ ಇರುವುದು ಅಲ್ಲೇ. ಹತ್ತು ವರ್ಷ ಜೊತೆಗಿದ್ದ ನಾರಣಪ್ಪನ ಹೆಣ ಕೊಳೆಯುತ್ತಿದೆ, ಅವನ ಸಂಸ್ಕಾರ ಯಾರು ಮಾಡಬೇಕು ಅಂತ ಅಗ್ರಹಾರದವರು ಶಾಸ್ತ್ರ ಹುಡುಕುತ್ತಿದ್ದಾರೆ. ಗಾಡಿಯ ಶೇಷಪ್ಪನೂ ಹೆಣ ಸಾಗಿಸಲು ಆಗಲ್ಲ ಅಂದ ಮೇಲೆ ಅವಳು ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿಯನ್ನು ಕರೆತಂದು ರಾತ್ರೋರಾತ್ರಿ ಸುಡಿಸುತ್ತಾಳೆ. ಆ ರಾತ್ರಿಯನ್ನೇ ತಗೊಳ್ಳಿ. ಏಳು ನಿಮಿಷಕ್ಕೆ ಅದು ಧಾರಾಳ ಆಯ್ತು.

ಸಿನಿಮಾನೂ ನೋಡಿ. ಸುಮ್ನೆ ನಿಲ್ಲುವುದು ಹೇಗೆ ಅಂತ ಅಲ್ಲಿ ಕಲಿಯಬಹುದು. ಸ್ಪರ್ಧೆಗೆ ಎರಡು ವಾರ ಇರುವಾಗ ಮಾತ್ರ ನಿಲ್ಲಿಸಿಬಿಡಿ. ಇಲ್ಲದಿದ್ದರೆ ಸ್ನೇಹಲತಾ ಅವರ ನಕಲು ಗೊತ್ತಿಲ್ಲದೆ ಮೈಗೆ ಹತ್ತುತ್ತದೆ.

ಉಡುಪಿಯಿಂದ: ಚಂದ್ರಿ ಕುಂದಾಪುರದವಳು ಅಂತ ಕುಂದಾಪ್ರ ಕನ್ನಡ ಎಳೆದು ತರಬೇಡಿ, ಅದು ನಿಮ್ಮ ಮನೆಮಾತಾಗಿದ್ದರೆ ಬೇರೆ ವಿಷಯ. ನಮ್ಮ ಕಡೆಯವರಿಗೆ ಒಂದೇ ವಾಕ್ಯಕ್ಕೆ ಗೊತ್ತಾಗಿಬಿಡುತ್ತದೆ.

ಶಿವಮೊಗ್ಗದಿಂದ: ಅಕ್ಕ ಹೇಳಿದ ರಾತ್ರಿ ಸರಿ, ಆದರೆ ಒಡವೆಯ ದೃಶ್ಯ ಬಿಡಬೇಡಿ. ಶವಸಂಸ್ಕಾರದ ಖರ್ಚಿಗೆ ಅಂತ ಮೈಮೇಲಿನ ಚಿನ್ನ ಬಿಚ್ಚಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಮುಂದೆ ಇಡುತ್ತಾಳಲ್ವಾ, ಅದು. ನಮ್ಮ ತಂಡದಲ್ಲಿ ನಾನು ನಾಟಕದ ಸಾಮಾನು ನೋಡಿಕೊಳ್ಳುವವನು. ಬರಿಗೈಯಲ್ಲಿ ಬಿಚ್ಚಿದ ಹಾಗೆ ಮಾಡಬೇಡಿ. ಸ್ವಲ್ಪ ಬಿಗಿಯಾದ ನಿಜವಾದ ಬಳೆ ಹಾಕಿ. ನಮ್ಮ ಹುಡುಗಿಗೆ ಬಳೆ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಹೆಬ್ಬೆರಳು ಒಳಕ್ಕೆ ಮಡಚಿ, ಹಲ್ಲು ಕಚ್ಚಿ ಎಳೆದಳು. ಅದು ನೆಲಕ್ಕೆ ತಾಗಿದ ಸದ್ದು ಹಿಂದಿನ ಸಾಲಿಗೂ ಕೇಳಿಸಿತು. ಆಮೇಲೆ ಬರಿದಾದ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತ ತೋಚದೆ ಸೆರಗಿನೊಳಗೆ ಸೇರಿಸಿಕೊಂಡಳು. ಮುಂದಿನ ಎಲ್ಲ ಪ್ರದರ್ಶನಗಳಲ್ಲೂ ಅದನ್ನು ಹಾಗೇ ಉಳಿಸಿಕೊಂಡೆವು.