ಎಚ್‌ಐವಿ ಎಪಿಡೆಮಿಯಾಲಜಿಯಲ್ಲಿ (ರೋಗ ಯಾರಿಗೆ, ಹೇಗೆ ಹರಡುತ್ತದೆ ಎಂಬ ಅಧ್ಯಯನ) ಇರುವವರು ಅನುಭವ ಹೇಳ್ತೀರಾ?

ಹುಬ್ಬಳ್ಳಿ_ಡಾಕ್ಟರ್: ಎಂಬಿಬಿಎಸ್ ಆಯಿತು. ಪ್ರಾಕ್ಟೀಸ್ ಕಡೆ ಮನಸ್ಸಿಲ್ಲ. ಎಚ್‌ಐವಿ, ಟಿಬಿ ಮೇಲೆ ಸಂಶೋಧನೆ ಮಾಡುವ ಆಸೆ. ಚೆನ್ನೈನ ಎನ್‌ಐಇಯಲ್ಲಿ (ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ) ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಲಾ, ಪಿಎಸ್‌ಎಂ (ಸಮುದಾಯ ವೈದ್ಯಶಾಸ್ತ್ರ) ಎಂಡಿ ಹಿಡಿಯಲಾ, ಹೊರದೇಶದ ಪಿಎಚ್‌ಡಿಗೆ ಹಾಕಲಾ? ಮನೆಯಲ್ಲಿ ಸಾಲ ಇದೆ.

ಮುಧೋಳದ_ಮಾಜಿ: ತಮ್ಮ, ನಾನು ಎಂಎಸ್‌ಡಬ್ಲ್ಯೂ, ಸಮಾಜಕಾರ್ಯ ಓದಿದವನು. 2003ರಲ್ಲಿ ಗೇಟ್ಸ್ ಫೌಂಡೇಶನ್ನಿನ ಎಚ್‌ಐವಿ ತಡೆ ಯೋಜನೆ ಆವಾಹನ್ ಶುರುವಾಯಿತಲ್ಲ, ಆ ಕಾಲದವನು. ಮುಧೋಳ, ಜಮಖಂಡಿ ಸುತ್ತ ಹಾಟ್‌ಸ್ಪಾಟ್ ಮ್ಯಾಪಿಂಗ್ (ಸೋಂಕಿನ ಅಪಾಯ ಹೆಚ್ಚಿರುವ ಜಾಗ ಗುರುತಿಸುವುದು), ಲೈನ್ ಲಿಸ್ಟ್ (ಒಬ್ಬೊಬ್ಬರ ವಿವರದ ಪಟ್ಟಿ), ಕಾಂಡೋಮ್ ಲೆಕ್ಕ, ಎಲ್ಲಾ ನಾವೇ. ಆಮೇಲೆ ದೊಡ್ಡ ಜರ್ನಲ್‌ನಲ್ಲಿ ಪೇಪರ್ ಬಂತು. ನಮ್ಮ ಪಾಲಿಗೆ ಕೊನೆಯಲ್ಲಿ ‘ಫೀಲ್ಡ್ ಟೀಮಿಗೆ ವಂದನೆ’ ಅಂತ ಒಂದು ಸಾಲು.
ದುಡ್ಡಿನ ವಿಷಯ ಕೇಳು. ಹನ್ನೊಂದು ತಿಂಗಳ ಕಾಂಟ್ರಾಕ್ಟ್, ಒಂದು ದಿನ ಬ್ರೇಕ್, ಮತ್ತೆ ಹನ್ನೊಂದು ತಿಂಗಳು. ಪಿಎಫ್ ಇಲ್ಲ. ಗಾಡಿಗೆ ಪೆಟ್ರೋಲ್ ಕೈಯಿಂದ. ಬಸ್ ಟಿಕೆಟ್ಟಿನ ಅಕ್ಷರ ಅಳಿಸಿದೆ ಅಂತ ಟಿಎ ಬಿಲ್ ವಾಪಸ್ ಕಳಿಸಿದ್ದಾರೆ. ಯೋಜನೆ ಸರ್ಕಾರಕ್ಕೆ ಹೋದ ಮೇಲೆ ಸಂಬಳ ಇಳಿಯಿತು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ಎಫ್‌ಸಿಆರ್‌ಎ ಬದಲಾಯಿತು. ಒಂದು ಸಂಸ್ಥೆ ಇನ್ನೊಂದಕ್ಕೆ ವಿದೇಶಿ ಹಣ ಕೊಡುವಂತಿಲ್ಲ ಅಂದರು. ದೊಡ್ಡವರ ಹಣದಲ್ಲಿ ನಡೆಯುತ್ತಿದ್ದ ನಮ್ಮ ಸಣ್ಣ ಸಂಸ್ಥೆಗೆ ಬೀಗ ಬಿತ್ತು. ಈಗ ಗೊಬ್ಬರದ ಅಂಗಡಿ ಇಟ್ಟಿದ್ದೇನೆ. ಆದರೂ ಆ ಕೆಲಸದ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಸುಮ್ನಿರುವುದಿಲ್ಲ.

ಬಾಲ್ಟಿಮೋರ್_ಶ್ರೀ: ಹೊರದೇಶ ಅಂದರೆ ಸುಖ ಅಂದುಕೊಳ್ಳಬೇಡಿ. ಇಲ್ಲಿ ನನ್ನದು ಸಾಫ್ಟ್ ಮನಿ. ಗ್ರಾಂಟ್ ತಂದರೆ ನನ್ನ ಸಂಬಳ, ಇಲ್ಲದಿದ್ದರೆ ಇಲ್ಲ. ಮಗುವಿನ ಡೇಕೇರ್ ತಿಂಗಳಿಗೆ 1,900 ಡಾಲರ್, ಜ್ವರ ಬಂದು ಮನೆಯಲ್ಲಿದ್ದ ದಿನಕ್ಕೂ ಕೊಡಬೇಕು. ವೀಸಾ ವಕೀಲರ ಫೀಸ್ ಬೇರೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿಯಿತಲ್ಲ, ಕೀನ್ಯಾದಲ್ಲಿದ್ದ ನಮ್ಮ ಸ್ಟಡಿಗೆ ಕೆಲಸ ನಿಲ್ಲಿಸಿ ಅನ್ನುವ ಸ್ಟಾಪ್ ವರ್ಕ್ ಆದೇಶ ಬಂತು. ಅರ್ಧ ಫಾಲೋಅಪ್ ಆಗಿತ್ತು. ಅಲ್ಲಿನ ನರ್ಸ್‌ಗಳಿಗೆ ಫೋನ್ ಮಾಡಿ ಕೆಲಸ ಹೋಯಿತು ಅಂತ ಹೇಳಿದವಳು ನಾನು. ಅರ್ಧ ಡೇಟಾದಲ್ಲಿ ಪೇಪರ್ ಆಗುವುದಿಲ್ಲ, ಪೇಪರ್ ಇಲ್ಲದೆ ಮುಂದಿನ ಗ್ರಾಂಟ್ ಇಲ್ಲ.

ಪಿಎಸ್‌ಎಂ_ಪ್ರೊಫೆಸರ್: ಅದಕ್ಕೇ ಎಂಡಿ ಮಾಡಿ ಅನ್ನುವುದು. ನಾನು ಮಾಡಿದೆ, ಪ್ರತಿ ತಿಂಗಳು ಸಂಬಳ ಬರುತ್ತದೆ. ಇನ್ನೊಂದು ಮಾತು. ಕಾಂಡೋಮ್ ಎಣಿಸಿದವರೆಲ್ಲ ಎಪಿಡೆಮಿಯಾಲಜಿಸ್ಟ್ ಆಗುವುದಿಲ್ಲ. ಎನ್‌ಜಿಒಗಳು ಫಂಡ್‌ಗಾಗಿ ಲೆಕ್ಕ ಊದಿದ್ದವು. ದೇಶದಲ್ಲಿ 57 ಲಕ್ಷ ಸೋಂಕಿತರು ಅನ್ನುತ್ತಿದ್ದರು, 2007ರಲ್ಲಿ ಅದು 25 ಲಕ್ಷಕ್ಕೆ ಇಳಿಯಲಿಲ್ಲವೇ?

ಮುಧೋಳದ_ಮಾಜಿ: ಪ್ರೊಫೆಸರೇ, 57 ಲಕ್ಷ ಅಂದದ್ದು ವಿಶ್ವಸಂಸ್ಥೆಯ ಯುಎನ್‌ಏಡ್ಸ್. ನಮ್ಮ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೊ 52 ಲಕ್ಷ ಅಂದಿತ್ತು. ಎರಡಕ್ಕೂ ಬುಡ ಸೆಂಟಿನೆಲ್ ಡೇಟಾ. ಅಂದರೆ ಸರ್ಕಾರಿ ಆಸ್ಪತ್ರೆಗೆ ಬಂದ ಗರ್ಭಿಣಿಯರ, ಎಸ್‌ಟಿಡಿ (ಲೈಂಗಿಕ ಸೋಂಕು) ರೋಗಿಗಳ ರಕ್ತ. ಎನ್‌ಜಿಒ ಎಲ್ಲಿಂದ ಬಂತು? ಎನ್‌ಎಫ್‌ಎಚ್‌ಎಸ್-3ರಲ್ಲಿ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಮನೆಮನೆಗೆ ಹೋಗಿ ಲಕ್ಷಕ್ಕೂ ಜಾಸ್ತಿ ಜನರ ರಕ್ತ ನೋಡಿದ ಮೇಲೆ ಅಂದಾಜು ತಿದ್ದಿದರು. ಇದು ಪಿಎಸ್‌ಎಂ ಪಾಠ ಅಲ್ವಾ? ನಾವು ಹೇಳಿಕೊಡಬೇಕಾ?

ಪಿಎಸ್‌ಎಂ_ಪ್ರೊಫೆಸರ್: ಗೊಬ್ಬರ ಮಾರುವವರಿಂದ ಪಾಠ ಬೇಡ.

ಫೆಲೋಶಿಪ್_ಬಾಕಿ: ಸರ್, ಇದು ಸರಿಯಲ್ಲ. ಇನ್‌ಸ್ಪೆಕ್ಷನ್ ಬಂದಾಗ ತಲೆ ಲೆಕ್ಕಕ್ಕೆ ನಿಲ್ಲಿಸುವುದು ಪಿಎಸ್‌ಎಂ ಡಿಪಾರ್ಟ್‌ಮೆಂಟನ್ನೇ, ಅದನ್ನೂ ಹೇಳಿ. ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ. 2023ರಿಂದ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ತಿಂಗಳಿಗೆ 37,000. ಅದು ಕಾಗದದ ಮೇಲೆ. ಕೈಗೆ ಬರುವುದು ಯಾವಾಗಲೋ. ಪಿಜಿ ಬಾಡಿಗೆಗೆ ಅಕ್ಕನ ಹತ್ತಿರ ಕೈಚಾಚಿದ್ದೇನೆ. ಗೈಡ್‌ಗೆ ವಿದೇಶಿ ಪಾಲುದಾರರು ಇದ್ದಾರೆ ಅಂತ ಆರೋಗ್ಯ ಸಚಿವಾಲಯದ ಎಚ್‌ಎಂಎಸ್‌ಸಿ ಸಮಿತಿಯ ಅನುಮತಿ ಬೇಕಾಯಿತು. ಆ ಫೈಲ್ ಕಾಯುತ್ತಾ ಕೂತಾಗ ಆರ್‌ಡಿಎಸ್‌ಗೆ (ಭಾಗವಹಿಸಿದವರೇ ಕೂಪನ್ ಕೊಟ್ಟು ಪರಿಚಯದವರನ್ನು ಕರೆತರುವ ಸರ್ವೇ) ಅಚ್ಚು ಹಾಕಿಸಿದ ಕೂಪನ್‌ಗಳ ಕೊನೇ ದಿನಾಂಕ ದಾಟಿತು. ಮತ್ತೆ ಅಚ್ಚು. ಆ ಖರ್ಚಿಗೆ ಬಜೆಟ್‌ನಲ್ಲಿ ತಲೆಬರಹವೇ ಇಲ್ಲ. ಅಂಕಿಅಂಶದ ಸಾಫ್ಟ್‌ವೇರ್ ಸ್ಟೇಟಾ ಲೈಸೆನ್ಸ್‌ಗೂ ದುಡ್ಡಿಲ್ಲ ಅಂತ ಎಲ್ಲವನ್ನೂ ಅಂಥದ್ದೇ ಇನ್ನೊಂದು, ಆರ್‌ನಲ್ಲಿ ಮೊದಲಿಂದ ಬರೆದೆ.

ಬಾಲ್ಟಿಮೋರ್_ಶ್ರೀ: ಆರ್ ಪುಕ್ಕಟೆ, ಅದಕ್ಕೇನು ಬೇಜಾರು? ಇಲ್ಲಿ ಈಗ ಸ್ಟೇಟಾ ಕೇಳುವವರೇ ಕಮ್ಮಿ.

ಪಿಎಸ್‌ಎಂ_ಪ್ರೊಫೆಸರ್: ಯಾರು ಹೇಳಿದ್ದು? ಸರ್ವೇ ವೇಟ್ (ಮಾದರಿ ಇಡೀ ಜನಸಂಖ್ಯೆಗೆ ಹೊಂದುವಂತೆ ಕೊಡುವ ತೂಕ) ಹಾಕಲು ಸ್ಟೇಟಾದಷ್ಟು ಸಲೀಸು ಯಾವುದೂ ಇಲ್ಲ.

ಹುಬ್ಬಳ್ಳಿ_ಡಾಕ್ಟರ್: ಸರ್, ಮೇಡಂ, ಎನ್‌ಐಇ ಎಂಪಿಎಚ್ ಬಗ್ಗೆ ಯಾರಾದರೂ...

ಫೆಲೋಶಿಪ್_ಬಾಕಿ: ಪ್ರೊಫೆಸರೇ, ಆರ್‌ನಲ್ಲಿ ಸರ್ವೇ ಪ್ಯಾಕೇಜ್ ಯಾವತ್ತಾದರೂ ತೆರೆದು ನೋಡಿದ್ದೀರಾ? ಎರಡೇ ಸಾಲು. ಬೇಕಿದ್ದರೆ ಇಲ್ಲೇ ಹಾಕುತ್ತೇನೆ.

ಪಿಎಸ್‌ಎಂ_ಪ್ರೊಫೆಸರ್: ಹಾಕಿ ನೋಡೋಣ.