ಪದಚರ್ಚೆ: ಕೌನ್ಸಿಲ್ ಟ್ಯಾಕ್ಸ್ ‘ಡಿಸ್ಕೌಂಟ್’, ‘ರಿಡಕ್ಷನ್’ – ಎರಡಕ್ಕೂ ‘ರಿಯಾಯಿತಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಕರಪತ್ರ ಬರೆಯುತ್ತಾ ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಕೆಲಸಕ್ಕೂ ಹೋಗಿಕೊಂಡು ಮಕ್ಕಳನ್ನೂ ಒಬ್ಬರೇ ಸಾಕುತ್ತಿರುವ ಕನ್ನಡದ ಹೆಣ್ಣುಮಕ್ಕಳು ಕೆಲವರು ಇಲ್ಲಿ ನನಗೆ ಪರಿಚಯ. ಮನೆ ಬಾಡಿಗೆಗೆ ಮತ್ತು ಕೌನ್ಸಿಲ್ ಟ್ಯಾಕ್ಸ್‌ಗೆ (ಇಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಕಟ್ಟುವ ತೆರಿಗೆ) ಸಿಗುವ ನೆರವಿನ ಬಗ್ಗೆ ಅವರಿಗಾಗಿ ನಾಲ್ಕು ಪುಟ ಕನ್ನಡದಲ್ಲಿ ಬರೆಯೋಣ ಅಂತ ಹೊರಟೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಕೆಲಸದ ಜಾಗದಲ್ಲಿ ದಿನವೂ ಮಾತಾಡುತ್ತಾರೆ. ಆದರೆ ಕಚೇರಿಯ ಕಾಗದದ ಇಂಗ್ಲಿಷ್ ಬೇರೆಯೇ. ರಾತ್ರಿ ಮಕ್ಕಳು ಮಲಗಿದ ಮೇಲೆ ಸುಸ್ತಾಗಿ ಕೂತು ಅದನ್ನು ಬಿಡಿಸಿ ಓದುವುದು ಕಷ್ಟ.

ಮೊದಲು ಕೌನ್ಸಿಲ್ ಟ್ಯಾಕ್ಸ್ ಅನ್ನುವ ಹೆಸರನ್ನೇ ನೋಡಿ. ‘ಮನೆ ಕಂದಾಯ’ ಅಂತ ಬರೆದೆ. ಓದಿದವರೊಬ್ಬರು, “ಅದು ಓನರ್ ಕಟ್ಟೋದಲ್ವಾ, ನಾನು ಬಾಡಿಗೆಗೆ ಇದ್ದೀನಿ” ಅಂದರು. ಅವರು ಹೇಳಿದ್ದು ನಮ್ಮ ಊರಿನ ಮಟ್ಟಿಗೆ ಸರಿ. ಇಲ್ಲಿ ಹಾಗಲ್ಲ. ಸಾಮಾನ್ಯವಾಗಿ ಆ ಮನೆಯಲ್ಲಿ ವಾಸ ಇರುವವರೇ ಕಟ್ಟಬೇಕು. 1993ರಲ್ಲಿ ಬಂದ ತೆರಿಗೆ ಇದು. ಇಂಗ್ಲೆಂಡಿನಲ್ಲಿ ಮನೆಗಳಿಗೆ 1991ರ ಏಪ್ರಿಲ್‌ನಲ್ಲಿ ಎಷ್ಟು ಬೆಲೆ ಇತ್ತು ಅಂತ ನೋಡಿ ಎ ಯಿಂದ ಎಚ್ ವರೆಗೆ 8 ಗುಂಪು ಮಾಡಿದ್ದಾರೆ. ‘ಕಂದಾಯ’ ಅಂದರೆ ಓದುಗರ ಮನಸ್ಸು ನೇರವಾಗಿ ಊರಿನ ಆಸ್ತಿಗೆ ಹೋಗುತ್ತದೆ. ಅದಕ್ಕೇ ಹೆಸರನ್ನು ‘ಕೌನ್ಸಿಲ್ ಟ್ಯಾಕ್ಸ್’ ಅಂತಲೇ ಉಳಿಸಿಕೊಂಡೆ. ಬರುವ ಬಿಲ್ಲಿನ ಮೇಲೆ ಇರುವುದೂ ಅದೇ ಹೆಸರು. ಅರ್ಜಿ, ಬಾಕಿ, ರಿಯಾಯಿತಿ ಎಲ್ಲವೂ ಅರಬ್ಬಿ-ಪಾರಸಿ ಕಡೆಯಿಂದ ಬಂದು ನಮ್ಮವೇ ಆದ ಪದಗಳು. ಅವುಗಳ ಪಕ್ಕದಲ್ಲಿ ಇದೂ ಒಂದು ಇರಲಿ.

ಈಗ ಮುಖ್ಯ ಪ್ರಶ್ನೆ. ಈ ತೆರಿಗೆ ಕಡಿಮೆ ಆಗಲು ಎರಡು ಬೇರೆ ಬೇರೆ ದಾರಿಗಳಿವೆ. ಒಂದು ‘ಡಿಸ್ಕೌಂಟ್’. ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ಬಿಲ್ಲಿನಲ್ಲಿ ಶೇ 25 ಕಡಿಮೆ. ಸಂಬಳ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಇನ್ನೊಂದು ‘ರಿಡಕ್ಷನ್’. ಕೆಲವು ಊರಲ್ಲಿ ಇದನ್ನೇ ‘ಸಪೋರ್ಟ್’ ಅನ್ನುತ್ತಾರೆ. ಇದು ಆದಾಯ ಕಡಿಮೆ ಇರುವವರಿಗೆ. ಸಂಬಳ, ಉಳಿತಾಯ ಎಲ್ಲ ನೋಡಿ ಕೊಡುವುದು. 2013ರ ಏಪ್ರಿಲ್‌ವರೆಗೆ ‘ಕೌನ್ಸಿಲ್ ಟ್ಯಾಕ್ಸ್ ಬೆನಿಫಿಟ್’ ಅಂತ ದೇಶಕ್ಕೆಲ್ಲ ಒಂದೇ ಇತ್ತು. ಅದನ್ನು ನಿಲ್ಲಿಸಿದ ಮೇಲೆ ಇಂಗ್ಲೆಂಡಿನಲ್ಲಿ ದುಡಿಯುವ ವಯಸ್ಸಿನವರಿಗೆ ಒಂದೊಂದು ಕೌನ್ಸಿಲ್ಲೂ ತನ್ನದೇ ನಿಯಮ ಮಾಡಿಕೊಂಡಿದೆ. ಜನ ಮಾತ್ರ ಈಗಲೂ ಹಳೆಯ ಹೆಸರನ್ನೇ ಹೇಳುತ್ತಾರೆ.

ನಿಘಂಟು ಹಿಡಿದು ಹೊರಟರೆ ಎರಡೂ ‘ರಿಯಾಯಿತಿ’ಯೇ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳಲ್ಲೇ ಆಸ್ತಿ ತೆರಿಗೆ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಅಂತೀವಲ್ಲ, ಅದೇ ಪದ. ನಾನೂ ಮೊದಲು ಎರಡು ಕಡೆಯೂ ಅದನ್ನೇ ಹಾಕಿದ್ದೆ. ಆಮೇಲೆ ಅದನ್ನು ಓದುವವರು ಯಾರು ಅಂತ ನೆನೆಸಿಕೊಂಡಾಗ ಭಯ ಆಯಿತು.

ಇಲ್ಲಿ ಕೆಲಸದ ವೀಸಾದಲ್ಲಿ ಇರುವ ಬಹಳಷ್ಟು ಜನರಿಗೆ ಒಂದು ಷರತ್ತು ಇರುತ್ತದೆ. ‘ಪಬ್ಲಿಕ್ ಫಂಡ್ಸ್’ ಅನ್ನುವ ಪಟ್ಟಿಯಲ್ಲಿರುವ ನೆರವನ್ನು ಅವರು ಪಡೆಯುವಂತಿಲ್ಲ. ಯೂನಿವರ್ಸಲ್ ಕ್ರೆಡಿಟ್ (ಆದಾಯ ಕಡಿಮೆ ಇರುವವರಿಗೆ ಸರ್ಕಾರ ಕೊಡುವ ಹಣ), ಹೌಸಿಂಗ್ ಬೆನಿಫಿಟ್ (ಬಾಡಿಗೆಗೆ ಕೊಡುವ ಹಳೆಯ ನೆರವು), ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಎಲ್ಲ ಆ ಪಟ್ಟಿಯಲ್ಲಿವೆ. ಶೇ 25ರ ಡಿಸ್ಕೌಂಟ್ ಆ ಪಟ್ಟಿಯಲ್ಲಿ ಇಲ್ಲ. ಅದು ನೆರವಲ್ಲ, ಬಿಲ್ಲಿನ ಲೆಕ್ಕವೇ ಹಾಗೆ. ಎರಡಕ್ಕೂ ‘ರಿಯಾಯಿತಿ’ ಅಂತ ಬರೆದರೆ ವೀಸಾದಲ್ಲಿರುವ ತಾಯಿಯೊಬ್ಬಳು ಗೊತ್ತಿಲ್ಲದೆ ರಿಡಕ್ಷನ್‌ಗೆ ಅರ್ಜಿ ಹಾಕಿ ಷರತ್ತು ಮುರಿದಂತಾಗಬಹುದು. ಎರಡಕ್ಕೂ ‘ನೆರವು’ ಅಂತ ಬರೆದರೆ ಹೆದರಿಕೊಂಡು ತನಗೆ ನ್ಯಾಯವಾಗಿ ಸಿಗಬೇಕಾದ ಡಿಸ್ಕೌಂಟನ್ನೂ ಬಿಟ್ಟುಬಿಡುತ್ತಾಳೆ. ಇದು ಸುಮ್ನೆ ಊಹೆಯಲ್ಲ. ನನಗೆ ಗೊತ್ತಿರುವ ಒಬ್ಬರು, ಕೇರ್ ಹೋಮ್‌ನಲ್ಲಿ ಕೆಲಸ, ಇಬ್ಬರು ಮಕ್ಕಳು, ಇದೇ ಹೆದರಿಕೆಯಿಂದ ಒಂದೂವರೆ ವರ್ಷ ಪೂರ್ತಿ ಬಿಲ್ಲು ಕಟ್ಟಿದ್ದಾರೆ.

ಹಾಗಾಗಿ ನಾನು ಸದ್ಯಕ್ಕೆ ಡಿಸ್ಕೌಂಟ್‌ಗೆ ‘ರಿಯಾಯಿತಿ’, ರಿಡಕ್ಷನ್‌ಗೆ ‘ತೆರಿಗೆ ನೆರವು’ ಅಂತ ಇಟ್ಟುಕೊಂಡಿದ್ದೇನೆ. ಎರಡನೆಯದು ಮೂಲ ಪದದ ಅರ್ಥಕ್ಕೆ ದೂರ, ಗೊತ್ತು. ಆದರೆ ಕೆಲಸದಲ್ಲಿ ಅದು ನೆರವೇ. ಇದಕ್ಕಿಂತ ಒಳ್ಳೆಯ ಜೋಡಿ ನಿಮಗೆ ಹೊಳೆಯುತ್ತದೆಯೇ? ‘ವಿನಾಯಿತಿ’ಯನ್ನು ಮಾತ್ರ ದಯವಿಟ್ಟು ಬೇಡ. ಅದನ್ನು ತೆರಿಗೆ ಪೂರ್ತಿ ಮಾಫಿ ಇರುವ ಮನೆಗಳಿಗೆ, ಉದಾಹರಣೆಗೆ ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ, ಮೀಸಲಿಟ್ಟಿದ್ದೇನೆ.

ಆ ಡಿಸ್ಕೌಂಟಿನ ಪೂರ್ತಿ ಹೆಸರಿನಲ್ಲಿ ‘ಸಿಂಗಲ್ ಪರ್ಸನ್’ ಅಂತ ಬೇರೆ ಇದೆ. ಅದಕ್ಕೆ ‘ಒಬ್ಬರೇ ವಾಸಿಸುವವರಿಗೆ’ ಅಂತ ಬರೆದರೆ, ತಾಯಿ “ನಾವು ಮೂರು ಜನ ಇದ್ದೀವಲ್ಲ” ಅಂದುಕೊಂಡು ಪುಟ ತಿರುಗಿಸುತ್ತಾಳೆ. 18 ತುಂಬದ ಮಕ್ಕಳು ಈ ಲೆಕ್ಕಕ್ಕೆ ಬರುವುದಿಲ್ಲ. ‘ವಯಸ್ಕರು’ ಅಂತ ಹಾಕಿದರೆ ಕೆಲವರು ವಯಸ್ಸಾದವರು ಅಂತ ಓದಿಕೊಂಡರು. ‘18 ತುಂಬಿದವರು ಒಬ್ಬರೇ ಇರುವ ಮನೆ’ ಅಂದಾಗ ಎಲ್ಲರಿಗೂ ತಿಳಿಯಿತು. ಪದ ಉದ್ದ ಆದರೂ ಪರವಾಗಿಲ್ಲ ಅನ್ನಿಸಿತು.

ಇನ್ನು ‘ಅಲೋಯನ್ಸ್’. ಇದು ಬಂದ ಕೂಡಲೇ ಕೈ ತಾನಾಗಿ ‘ಭತ್ಯೆ’ ಅಂತ ಬರೆದುಬಿಡುತ್ತದೆ. ಇಲ್ಲಿ ಅದು ಎರಡು ಕಡೆ ತಪ್ಪು.

ದುಡಿಯುವವರ ಬಾಡಿಗೆ ನೆರವು ಈಗ ಹೆಚ್ಚಾಗಿ ಯೂನಿವರ್ಸಲ್ ಕ್ರೆಡಿಟ್ ಒಳಗೇ ಬರುತ್ತದೆ. ಅದರಲ್ಲಿ ‘ವರ್ಕ್ ಅಲೋಯನ್ಸ್’ ಅಂತ ಒಂದಿದೆ. ‘ಕೆಲಸದ ಭತ್ಯೆ’ ಅಂತ ಬರೆದರೆ ಯಾರೋ ಕೊಡುವ ದುಡ್ಡು ಅನ್ನಿಸುತ್ತದೆ. ಯಾರೂ ಏನೂ ಕೊಡುವುದಿಲ್ಲ. ಮಕ್ಕಳಿರುವವರ ಸಂಬಳದಲ್ಲಿ ಇಷ್ಟನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಅಂತ ಅರ್ಥ. 2025-26ರಲ್ಲಿ, ಬಾಡಿಗೆಗೂ ನೆರವು ಪಡೆಯುತ್ತಿದ್ದರೆ, ಅದು ತಿಂಗಳಿಗೆ 411 ಪೌಂಡ್. ಅದಕ್ಕಿಂತ ಮೇಲೆ ಗಳಿಸುವ ಪ್ರತಿ ಪೌಂಡಿಗೂ 55 ಪೆನ್ಸ್‌ನಂತೆ ನೆರವು ಇಳಿಯುತ್ತದೆ. ಕೈಗೆ 1,011 ಪೌಂಡ್ ಸಂಬಳ ಬಂದರೆ 411 ಬಿಟ್ಟು ಉಳಿಯುವುದು 600. ಅದರ ಶೇ 55 ಅಂದರೆ 330. ಅಷ್ಟು ನೆರವಿನಲ್ಲಿ ಮುರಿದುಕೊಳ್ಳುತ್ತಾರೆ. ‘ಕಡಿತ’ ಅಂದರೆ ದಂಡ ಹಾಕಿದಂತೆ ಕೇಳುತ್ತದೆ. ‘ಮುರಿದುಕೊಳ್ಳುವುದು’ ನಮ್ಮ ಮನೆಮಾತಿನ ಪದ, ಎಲ್ಲರಿಗೂ ಗೊತ್ತು. ವರ್ಕ್ ಅಲೋಯನ್ಸ್‌ಗೆ ನಾನು ‘ಲೆಕ್ಕಕ್ಕೆ ಹಿಡಿಯದ ಸಂಬಳ’ ಅಂತ ಬರೆದಿದ್ದೇನೆ.

ಎರಡನೆಯದು ‘ಲೋಕಲ್ ಹೌಸಿಂಗ್ ಅಲೋಯನ್ಸ್’. ಇದು ಖಾಸಗಿ ಮನೆಗಳ ಬಾಡಿಗೆಗೆ ಹೆಚ್ಚೆಂದರೆ ಇಷ್ಟು ಕೊಡುತ್ತೇವೆ ಅನ್ನುವ ಮಿತಿ. ಊರು ಯಾವುದು, ಎಷ್ಟು ಮಲಗುವ ಕೋಣೆ ಬೇಕು ಅನ್ನುವುದರ ಮೇಲೆ ನಿಂತಿದೆ. ‘ಮನೆ ಬಾಡಿಗೆ ಭತ್ಯೆ’ ಅಂತ ಬರೆದರೆ ಕೆಲಸಕ್ಕೆ ಹೋಗುವವರು ಏನು ಅಂದುಕೊಳ್ಳುತ್ತಾರೆ ಹೇಳಿ? ಊರಲ್ಲಿ ಅದು ಸಂಬಳದ ಜೊತೆ ಬರುವುದು. “ನಮ್ಮ ಕಂಪನಿ ಕೊಡಲ್ಲ” ಅಂತ ಅಲ್ಲಿಗೇ ಬಿಟ್ಟುಬಿಡುತ್ತಾರೆ. ‘ಬಾಡಿಗೆ ನೆರವಿನ ಮಿತಿ’ ಸಾಕು ಅನ್ನಿಸುತ್ತದೆ.

‘ಅರಿಯರ್ಸ್’ ಬಗ್ಗೆಯೂ ಕೇಳಬೇಕು. ನಮ್ಮಲ್ಲಿ ಸರ್ಕಾರಿ ಕೆಲಸದವರ ಮನೆಯಲ್ಲಿ “ಡಿಎ ಅರಿಯರ್ಸ್ ಬಂತು” ಅಂದರೆ ಸಂತೋಷದ ಸುದ್ದಿ. ಇಲ್ಲಿ ಕೌನ್ಸಿಲ್ಲಿನಿಂದ ಅರಿಯರ್ಸ್ ಅಂತ ಕಾಗದ ಬಂದರೆ ನಾವು ಕಟ್ಟಬೇಕಾದ ಬಾಕಿ. ಒಬ್ಬರು ದುಡ್ಡು ಬರುತ್ತದೆ ಅಂತ ಕಾಯುತ್ತಾ ಕೂತಿದ್ದರು. ಇದಕ್ಕೆ ಇನ್ನೊಂದು ಅರ್ಥವೂ ಇದೆ. ಯೂನಿವರ್ಸಲ್ ಕ್ರೆಡಿಟ್ ‘ಅರಿಯರ್ಸ್‌ನಲ್ಲಿ’ ಕೊಡುತ್ತಾರೆ ಅಂದರೆ ತಿಂಗಳು ತುಂಬಿದ ಮೇಲೆ ಕೊಡುತ್ತಾರೆ ಅಂತ. ಅದಕ್ಕೇ ಮೊದಲ ಹಣ ಕೈಗೆ ಬರಲು ಸುಮಾರು 5 ವಾರ ಆಗುತ್ತದೆ. ಒಂದೇ ಪದ ಇದ್ದರೂ ಕನ್ನಡದಲ್ಲಿ ‘ಬಾಕಿ’ ಮತ್ತು ‘ತಿಂಗಳು ತುಂಬಿದ ಮೇಲೆ’ ಅಂತ ಬೇರೆ ಮಾಡಿದ್ದೇನೆ. ಇದರಲ್ಲಿ ನನಗೆ ಅನುಮಾನ ಇಲ್ಲ.

‘ಕ್ಲೇಮ್’ ಅನ್ನು ‘ಅರ್ಜಿ’ ಅಂದರೆ ಅರ್ಧ ಮಾತ್ರ ಬಂದಂತೆ. ಅರ್ಜಿ ಒಮ್ಮೆ ಹಾಕಿದರೆ ಮುಗಿಯಿತು. ಕ್ಲೇಮ್ ನಡೆಯುತ್ತಲೇ ಇರುತ್ತದೆ. ಬಾಡಿಗೆ ಜಾಸ್ತಿಯಾದರೆ, ಮನೆ ಬದಲಾದರೆ, ಮಗನಿಗೆ 18 ತುಂಬಿದರೆ ಹೇಳಬೇಕು. ಹೇಳದೆ ಹೆಚ್ಚಿಗೆ ಬಂದ ಹಣವನ್ನು ಆಮೇಲೆ ವಾಪಸ್ ಕೇಳುತ್ತಾರೆ. ಜೊತೆಗೆ ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿದರೆ ಕೌನ್ಸಿಲ್ ಟ್ಯಾಕ್ಸ್ ನೆರವಿಗೂ ಹಾಕಿದಂತೆ ಆಗುವುದಿಲ್ಲ, ಕೌನ್ಸಿಲ್‌ನಲ್ಲಿ ಬೇರೆಯಾಗಿ ಕೇಳಬೇಕು. ನಡೆಯುತ್ತಿರುವ ಕ್ಲೇಮ್‌ಗೆ ‘ಖಾತೆ’ ಅನ್ನಬಹುದೇ? ಇದು ನನಗೆ ನಿಜವಾಗಿ ಗೊತ್ತಾಗುತ್ತಿಲ್ಲ.

ಕೊನೆಗೆ ‘ಸಿಂಗಲ್ ಪೇರೆಂಟ್’. ‘ಏಕಪೋಷಕರು’ ಪಠ್ಯಪುಸ್ತಕದ ಮಾತು. ‘ಒಂಟಿ ತಾಯಿ’ ಅಂದರೆ ಅವಳಿಗೆ ಯಾರೂ ಇಲ್ಲ ಅಂದಂತೆ, ನನಗೆ ಇಷ್ಟ ಇಲ್ಲ. ಜೊತೆಗೆ ತಂದೆಯರೂ ಇದ್ದಾರೆ. ವಿಧವೆ, ವಿಚ್ಛೇದಿತೆ ಅನ್ನುವ ಪದಗಳು ಗಂಡನ ಲೆಕ್ಕದಲ್ಲಿ ಹೆಣ್ಣನ್ನು ಅಳೆಯುತ್ತವೆ. ‘ಗಂಡ ಬಿಟ್ಟವಳು’ ಅನ್ನುವುದನ್ನಂತೂ ಬರೆಯಲು ಕೈ ಬರುವುದಿಲ್ಲ. ಇಲ್ಲಿನ ಫಾರಂ ಕೇಳುವುದು ಮನೆಯಲ್ಲಿ ನಿಮ್ಮ ಜೊತೆ ಸಂಗಾತಿ ಇದ್ದಾರಾ ಅಂತ. ಡಿವೋರ್ಸ್ ಆಗಿರಲೇಬೇಕು ಅಂತೇನೂ ಇಲ್ಲ. ನನ್ನ ಆಯ್ಕೆ ‘ಮಕ್ಕಳನ್ನು ಒಬ್ಬರೇ ಸಾಕುವವರು’. ಅದರ ಮುಂದೆ ‘ದುಡಿಯುವ’ ಅಂತ ಖಂಡಿತ ಇರಬೇಕು. ನೆರವು ಅಂದರೆ ಕೆಲಸ ಇಲ್ಲದವರಿಗೆ ಮಾತ್ರ ಅಂದುಕೊಂಡು ಕೇಳದೆ ಇರುವವರು ಬಹಳ. ‘ಉದ್ಯೋಗಸ್ಥ’ ಅಂದರೆ ಆಫೀಸಿನವರು ಅನ್ನಿಸುತ್ತದೆ. ಅಂಗಡಿಯಲ್ಲಿ, ಕೇರ್ ಹೋಮ್‌ನಲ್ಲಿ, ಅಡುಗೆಮನೆಯಲ್ಲಿ ಕೆಲಸ ಮಾಡುವವರಿಗೆ ಅದು ತಮ್ಮ ಪದ ಅನ್ನಿಸಲ್ಲ. ಆದರೆ ‘ಮಕ್ಕಳನ್ನು ಒಬ್ಬರೇ ಸಾಕುವ ದುಡಿಯುವವರು’ ತೊಡಕಾಗಿದೆ. ಕರಪತ್ರದ ತಲೆಬರಹಕ್ಕೆ ಎರಡು ಮೂರು ಪದದಲ್ಲಿ, ಓದಿದ ತಾಯಿಗೆ ನೋವಾಗದಂತೆ, ಯಾರಾದರೂ ಹೇಳಿಕೊಡಿ.

ಏಪ್ರಿಲ್‌ನಿಂದ ಶುರುವಾಗುವ ವರ್ಷದ ಬಿಲ್ಲು ಮಾರ್ಚ್‌ನಲ್ಲಿ ಮನೆಗಳಿಗೆ ಬರುತ್ತದೆ. ಅದಕ್ಕಿಂತ ಮೊದಲು ಇದನ್ನು ಅಚ್ಚು ಹಾಕಿಸಿ ಅವರ ಕೈಗೆ ಕೊಡಬೇಕು. ಫೆಬ್ರವರಿ 20ರೊಳಗೆ ಬಂದ ಸಲಹೆಗಳನ್ನೆಲ್ಲ ಅವರ ಮುಂದೆ ಓದಿ, ಅವರಿಗೆ ತಿಳಿದ ಪದವನ್ನೇ ಉಳಿಸಿಕೊಳ್ಳುತ್ತೇನೆ.