ಬೋನ್ ಸ್ಕ್ಯಾನ್‌ಗೆ ಟೆಕ್ನೀಷಿಯಂ ಸಾಕೇ, ಫ್ಲೋರೈಡ್ ಪೆಟ್ ಬೇಕೇ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ತಂದೆಯವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ. ಮೂಳೆಗೆ ಹರಡಿದೆಯೇ ಎಂದು ನೋಡಲು ವೈದ್ಯರು ಟೆಕ್ನೀಷಿಯಂ ಬೋನ್ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ಅದು ಹಳೆಯದು, ಫ್ಲೋರೈಡ್ ಪೆಟ್ ಮಾಡಿಸಿ ಎಂದು ಪರಿಚಿತರೊಬ್ಬರು ಒತ್ತಾಯಿಸುತ್ತಿದ್ದಾರೆ. ಅದಕ್ಕೆ ಖರ್ಚು ಜಾಸ್ತಿ. ಕೊಟ್ಟ ಹಣಕ್ಕೆ ಪ್ರಯೋಜನವಿದೆಯೇ?

ಉತ್ತರ (ನ್ಯೂಕ್ಲಿಯರ್ ಮೆಡಿಸಿನ್ ವೈದ್ಯೆ): ಹಳೆಯದು ಯಾವುದು ಎಂಬ ಲೆಕ್ಕವನ್ನು ನಿಮ್ಮ ಪರಿಚಿತರು ತಿರುವುಮುರುವು ಮಾಡಿದ್ದಾರೆ. ಮೂಳೆ ನೋಡಲು ಫ್ಲೋರಿನ್-18 (ಫ್ಲೋರೈಡ್ ಪೆಟ್‌ನಲ್ಲಿ ವಿಕಿರಣ ಸೂಸುವುದು ಇದೇ) ಬಂದದ್ದು 1962ರಲ್ಲಿ. ಟೆಕ್ನೀಷಿಯಂ-99ಎಂ ಸೇರಿಸಿದ ಫಾಸ್ಫೇಟ್‌ಗಳು 1971ರಲ್ಲಿ. ಇಂದಿನ ಬೋನ್ ಸ್ಕ್ಯಾನ್‌ನಲ್ಲಿ ಟೆಕ್ನೀಷಿಯಂ ಅನ್ನು ಮೂಳೆಗೆ ಒಯ್ಯುವ ಎಂಡಿಪಿ ಅದಕ್ಕೂ ನಂತರದ್ದು. ಫ್ಲೋರೈಡ್ ಹಿಂದೆ ಸರಿದದ್ದು ಗುಣ ಸಾಲದೆ ಅಲ್ಲ. ಅದರ 511 ಕೆಇವಿ ಶಕ್ತಿಯ ಕಿರಣವನ್ನು ಆಗಿನ ಗಾಮಾ ಕ್ಯಾಮೆರಾಗಳು ಚೆನ್ನಾಗಿ ಹಿಡಿಯುತ್ತಿರಲಿಲ್ಲ. ಟೆಕ್ನೀಷಿಯಂನ 140 ಕೆಇವಿ ಕಿರಣ ಅವುಗಳಿಗೆ ಹೇಳಿ ಮಾಡಿಸಿದಂತಿತ್ತು. 511 ಕೆಇವಿ ಕಿರಣವನ್ನೇ ಹಿಡಿಯುವ ಪೆಟ್ ಯಂತ್ರಗಳು ಬಂದ ಮೇಲೆ ಫ್ಲೋರೈಡ್‌ಗೆ ಮತ್ತೆ ಬೆಲೆ ಬಂತು.

ಫ್ಲೋರೈಡ್ ಮೂಳೆಗೆ ಬೇಗ ಸೇರುತ್ತದೆ, ರಕ್ತದಿಂದ ಬೇಗ ಹೋಗುತ್ತದೆ. ಒಂದು ಗಂಟೆಯೊಳಗೇ ಸ್ಪಷ್ಟ ಚಿತ್ರ ಸಿಗುತ್ತದೆ. ಎಂಡಿಪಿಗೆ ಎರಡರಿಂದ ನಾಲ್ಕು ಗಂಟೆ ಕಾಯಬೇಕು. ಆದರೆ ಚಿತ್ರ ಸುಂದರವಾಗಿದೆ ಎಂದು ಮರುಳಾಗಬೇಡಿ. ಇವೆರಡೂ ಕ್ಯಾನ್ಸರ್ ಕೋಶವನ್ನು ನೋಡುವುದಿಲ್ಲ. ಮೂಳೆ ಎಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತಿದೆ ಎಂಬುದನ್ನು ತೋರಿಸುತ್ತವೆ. ವಯಸ್ಸಾದವರ ಮಂಡಿ ಸವೆತವೂ ಅದರಲ್ಲಿ ಹೊಳೆಯುತ್ತದೆ, ಫ್ಲೋರೈಡ್‌ನಲ್ಲಂತೂ ಇನ್ನೂ ಢಾಳಾಗಿ. ಎಷ್ಟು ಚುಕ್ಕೆ ಕಂಡವು ಎನ್ನುವುದಕ್ಕಿಂತ, ಎಷ್ಟು ಅನುಮಾನ ಉಳಿದವು, ಚಿಕಿತ್ಸೆ ಬದಲಾಯಿತೇ ಎಂದು ಕೇಳಿ. ನಾನು ಟ್ರೇಸರ್ ಅನ್ನು (ಸ್ಕ್ಯಾನ್‌ಗೆ ಚುಚ್ಚುವ ವಿಕಿರಣಶೀಲ ದ್ರವ್ಯ) ತೂಗುವುದು ಹೀಗೆಯೇ.

ಪೆಟ್‌ಗೇ ಹಣ ಹಾಕುವುದಾದರೆ ಪಿಎಸ್‌ಎಂಎ ಪೆಟ್ ಬಗ್ಗೆ ವೈದ್ಯರನ್ನು ಕೇಳಿ. ಅದರ ಟ್ರೇಸರ್ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಕ್ಕೇ ಅಂಟುತ್ತದೆ, ದುಗ್ಧಗ್ರಂಥಿಗಳಿಗೆ ಹರಡಿದ್ದನ್ನೂ ತೋರಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಹೆಚ್ಚು ಅಪಾಯದ 302 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರೊಪಿಎಸ್‌ಎಂಎ ಅಧ್ಯಯನದಲ್ಲಿ ಅದರ ನಿಖರತೆ ಶೇ. 92, ಸಿಟಿ ಮತ್ತು ಬೋನ್ ಸ್ಕ್ಯಾನ್ ಜೋಡಿಯದು ಶೇ. 65. ಅಪಾಯ ಕಡಿಮೆ ಇರುವ ಕ್ಯಾನ್ಸರ್‌ಗಾದರೆ ಇಷ್ಟೆಲ್ಲ ಬೇಕಾಗುವುದಿಲ್ಲ. ನಿಮ್ಮ ತಂದೆಯವರ ಪಿಎಸ್‌ಎ (ರಕ್ತಪರೀಕ್ಷೆ) ಮತ್ತು ಗ್ಲೀಸನ್ ಅಂಕ (ಬಯಾಪ್ಸಿಯಲ್ಲಿ ಕಂಡ ಕ್ಯಾನ್ಸರ್‌ನ ಉಗ್ರತೆ) ನೋಡದೆ ಇಲ್ಲಿ ತೀರ್ಪು ಕೊಡಲಾರೆ.

ಪ್ರಶ್ನೆ (ಫಾರ್ಮಸಿ ವಿದ್ಯಾರ್ಥಿ): ಮೇಡಂ, ಬೆಳಿಗ್ಗೆ ತಯಾರಿಸಿದ ಎಂಡಿಪಿ ಸರಿಯಾಗಿದೆ ಎಂದು ಚುಚ್ಚುವ ಮೊದಲೇ ತಿಳಿಯುವುದು ಹೇಗೆ?

ಉತ್ತರ: ಎಂಡಿಪಿಗೆ ಕೂಡಿದ ಟೆಕ್ನೀಷಿಯಂ ಮತ್ತು ಕೂಡದ್ದನ್ನು ಬೇರ್ಪಡಿಸಿ ತೋರಿಸುವ ಕ್ರೊಮ್ಯಾಟೊಗ್ರಫಿ ಪಟ್ಟಿಯಿಂದ. ಕಿಟ್‌ನಲ್ಲಿರುವ ತವರದ ಲವಣ ಟೆಕ್ನೀಷಿಯಂ ಅನ್ನು ಎಂಡಿಪಿಗೆ ಕೂಡುವಂತೆ ಮಾಡುತ್ತದೆ. ಬಾಟಲಿಗೆ ಗಾಳಿ ಹೊಕ್ಕರೆ ಆ ತವರ ಕೆಡುತ್ತದೆ, ಪರ್ಟೆಕ್ನೆಟೇಟ್ (ಎಂಡಿಪಿಗೆ ಕೂಡದ ಟೆಕ್ನೀಷಿಯಂ) ಬಿಡಿಯಾಗಿ ಉಳಿಯುತ್ತದೆ. ಶುದ್ಧತೆ ಶೇ. 95ಕ್ಕಿಂತ ಕೆಳಗಿದ್ದರೆ ನಾನು ಬಳಸುವುದಿಲ್ಲ. ಪರೀಕ್ಷೆ ತಪ್ಪಿಸಿ ಚುಚ್ಚಿದರೆ ಚಿತ್ರದಲ್ಲಿ ಥೈರಾಯ್ಡ್, ಜೊಲ್ಲುಗ್ರಂಥಿ, ಹೊಟ್ಟೆ ಹೊಳೆದು ಗುಟ್ಟು ರಟ್ಟಾಗುತ್ತದೆ. ಅಷ್ಟರಲ್ಲಿ ರೋಗಿಗೆ ಸುಮ್ಮನೆ ವಿಕಿರಣ ಬಿದ್ದಿರುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಕಳೆದ ವರ್ಷ ಅಪ್ಪ ಬಿದ್ದು ಪಕ್ಕೆಲುಬು ಮುರಿದಿತ್ತು. ಹೇಳಬೇಕೇ?

ಉತ್ತರ: ಖಂಡಿತ. ಮುರಿದ ಮೂಳೆ ಕೂಡಿಕೊಳ್ಳುವ ಜಾಗವೂ ಹೊಳೆಯಬಹುದು. ಸ್ಕ್ಯಾನ್‌ಗೆ ಮೊದಲೇ ಹೇಳಿ, ಹಳೆಯ ಎಕ್ಸ್‌ರೇ ಇದ್ದರೆ ಜೊತೆಗೆ ಒಯ್ಯಿರಿ.